ಮಾಮಾನ ಎಣ್ಣೆ, ಬಂಗಡೆಯ ಬಾಲ

ನನಗೊಬ್ಬ ಮಾಮಾ ಇದ್ದಾರೆ, ನನ್ನ ಆಯಿಯ ತಮ್ಮ. ನಾನು ಹುಟ್ಟಿದಾಗ ತೊಟ್ಟಿಲು ಹೊತ್ತು ತಂದವರು, ಹೆಗಲ ಮೇಲೆ ಕೂರಿಸಿಕೊಂಡು ಸಮುದ್ರ ತೋರಿಸಿದವರು, ಮದುವೆಯಲ್ಲಿ ಕೈಹಿಡಿದು ಮಂಟಪಕ್ಕೆ ಕರೆತಂದವರು. ಇಷ್ಟೆಲ್ಲ ಮಾಡಿದವರು ನನ್ನ ಮುಖ ಮಾತ್ರ ಒಮ್ಮೆಯೂ ನೋಡಿರಲಿಲ್ಲ ಎಂದರೆ ನೀವು ನಂಬುತ್ತೀರಾ?

ಜಗಳವೇನೂ ಇಲ್ಲ. ನನ್ನದೊಂದೇ ಅಲ್ಲ, ಅವರು ಯಾರ ಮುಖವನ್ನೂ ನೋಡುವವರಲ್ಲ. ನೋಡುವುದು ನೆತ್ತಿಯನ್ನು. ಎದುರಿಗೆ ನಿಂತವರ ಹಣೆಯಿಂದ ಒಂದು ಗೇಣು ಮೇಲಕ್ಕೆ ದೃಷ್ಟಿ ನೆಟ್ಟು, ಬೈತಲೆಯ ಉದ್ದಕ್ಕೂ ಅದನ್ನು ನಿಧಾನವಾಗಿ ಓಡಿಸಿ, ಆಮೇಲೆ "ಆರಾಮ ಅಲ್ದಾ?" ಎಂದು ಕೇಳುತ್ತಾರೆ. ಉತ್ತರ ನಮ್ಮ ಬಾಯಿಂದ ಬರಬೇಕೆಂದೇನಿಲ್ಲ. ಅದು ಅವರಿಗೆ ಆಗಲೇ ನೆತ್ತಿಯಿಂದ ಸಿಕ್ಕಿರುತ್ತದೆ!

ಇದಕ್ಕೆ ಕಾರಣ ಅವರ ಉದ್ಯೋಗ. ಕೆಲಸಕ್ಕೆ ಸೇರಿದಂದಿನಿಂದ ನಿವೃತ್ತಿಯವರೆಗೆ ಅಂಕೋಲಾ–ಕಾರವಾರ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು ಅವರು. ಕಂಡಕ್ಟರ್ ನಿಂತಿರುತ್ತಾನೆ, ಜನ ಕೂತಿರುತ್ತಾರೆ. ನಿಂತವನಿಗೆ ಕೂತವರಲ್ಲಿ ಕಾಣುವುದಾದರೂ ಏನು? ಸುಳಿ, ಬೈತಲೆ, ಹೂವು, ಹೊಟ್ಟು! ಮುಖವೆಂಬುದು ಕಿಟಕಿಯ ಕಡೆ ತಿರುಗಿರುವ ವಸ್ತು. ಹೀಗಾಗಿ ಮಾಮಾ ಇಡೀ ತಾಲೂಕಿನ ಜನರನ್ನು ಮೇಲಿನಿಂದ ಪರಿಚಯ ಮಾಡಿಕೊಂಡಿದ್ದರು. ಒಮ್ಮೆ ಮದುವೆಯ ಊಟದ ಪಂಕ್ತಿಯಲ್ಲಿ ಬಗ್ಗಿ ಅನ್ನ ಕಲಸುತ್ತಿದ್ದ ಗೃಹಸ್ಥರೊಬ್ಬರ ಹಿಂದೆ ನಿಂತು, "ನೀವು ಅವರ್ಸಾದಲ್ಲಿ ಇಳಿಯೂ ಮಾಸ್ತರರಲ್ದಾ?" ಎಂದು ಕೇಳಿದ್ದರು. ಹೌದು, ಅವರೇ! ಪಾಪ, ಆ ಮಾಸ್ತರರು ಉಳಿದ ಊಟವನ್ನೆಲ್ಲ ಒಂದು ಕೈ ತಲೆಯ ಮೇಲಿಟ್ಟುಕೊಂಡೇ ಮುಗಿಸಿದರು.

ನಾನು ಕಾರವಾರದ ಕಾನ್ವೆಂಟಿನಲ್ಲಿ ಓದುತ್ತಿದ್ದಾಗ ಮಾಮಾ ಒಮ್ಮೆ ನನ್ನನ್ನು ಕರೆದೊಯ್ಯಲು ಬಂದಿದ್ದರು. ಗೇಟಿನ ಹತ್ತಿರ ನಿಂತ ಸಿಸ್ಟರ್ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಮಾಮಾ ಬೆವೆತುಹೋದರು. ಇಂಗ್ಲಿಷಿಗೆ ಹೆದರಿ ಎಂದು ನಾನು ತಿಳಿದೆ. ಹೊರಗೆ ಬಂದ ಮೇಲೆ ಅವರು ಹೇಳಿದ್ದು ಬೇರೆಯೇ: "ಅಲ್ಲ ತಂಗಿ, ತಲೆ ಪೂರ್ತಿ ಬಟ್ಟೆ ಮುಚ್ಚಿಕೊಂಡು ನಿಂತ್ರೆ, ಮಾತಾಡೂದು ಯಾರ ಹತ್ತಿರ?"

ಮಾಮಾ ಮದುವೆಯಾಗಲಿಲ್ಲ. ಹೆಣ್ಣು ನೋಡಲು ಹೋಗಿಬಂದ ದಿನ ಅವರ ತಾಯಿ "ಹುಡುಗಿ ಹೆಂಗಿದ್ದಾಳೋ?" ಎಂದು ಕೇಳಿದರೆ, "ಎರಡು ಸುಳಿ, ಬಲಗಡೆ ಬೈತಲೆ" ಎಂದರಂತೆ. "ಮುಖ?" "ಅದು ನೋಡ್ಲಿಲ್ಲ." ಅಲ್ಲಿಗೆ ಆ ಪ್ರಸಂಗ ಮುಗಿಯಿತು.

ನೆತ್ತಿಯನ್ನೇ ನೋಡುವವನಿಗೆ ಕೊನೆಗೆ ಅಲ್ಲಿ ಏನಾದರೂ ಬೆಳೆಯಬೇಕೆನಿಸುವುದು ಸಹಜ. ಮಾಮಾ ಎಣ್ಣೆ ಕಾಯಿಸಲು ತೊಡಗಿದರು. ಕೇಣಿಯಲ್ಲಿ ಅವರ ಮನೆಯ ಹಿತ್ತಿಲಿನಲ್ಲಿ ಬೆಳೆದ ದಾಸವಾಳ, ಒಂದೆಲಗ, ಕರಿಬೇವು, ಜೊತೆಗೆ ಮೆಂತ್ಯ, ಒಣಗಿದ ನೆಲ್ಲಿಕಾಯಿ, ಇನ್ನೂ ಏನೇನೋ. ಎಲ್ಲವನ್ನೂ ತೆಂಗಿನೆಣ್ಣೆಗೆ ಸುರಿದು ಅದು ಕಪ್ಪಾಗುವವರೆಗೆ ಕುದಿಸಿ, ಹಳೆಯ ಟಾನಿಕ್ ಬಾಟಲಿಗಳಿಗೆ ತುಂಬಿ, ಬಂಧುಬಳಗಕ್ಕೆಲ್ಲ ಪುಕ್ಕಟೆ ಹಂಚುತ್ತಿದ್ದರು. ನಮ್ಮವರ ಯಾರ ಮನೆಗೆ ಹೋದರೂ ದಿಂಬಿನ ನಡುವೆ ಕಂದುಬಣ್ಣದ ಒಂದು ಹುಣ್ಣಿಮೆ ಮೂಡಿರುತ್ತದೆ. ನನ್ನ ಶಾಲೆಯ ಬಿಳಿ ಅಂಗಿಗಳ ಕಾಲರಿನ ಹಿಂಭಾಗದಲ್ಲಿಯೂ ಆ ಚಂದ್ರನೇ ಇದ್ದ. ಎಣ್ಣೆಯಿಂದ ಯಾರಿಗಾದರೂ ಕೂದಲು ಬಂತೇ? ಯಾರೂ ಹೇಳಲಾರರು. ಬರಲಿಲ್ಲ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಈ ಎಣ್ಣೆ ಮೊದಲು ಕುದಿದದ್ದು ನನ್ನ ಆಯಿಗಾಗಿ. ಆಯಿ ಎಂದರೆ ನನಗೆ ನೆನಪಾಗುವುದು ಕೋಡಿಬಾಗದ ನಮ್ಮ ಹಳೆಯ ಮನೆಯ ಹಿಂದಿನ ಮೆಟ್ಟಿಲು, ಅದರಾಚೆ ಕಾಳಿ ನದಿ, ಮೆಟ್ಟಿಲ ಮೇಲೆ ಬಿಸಿಲಿಗೆ ಬೆನ್ನುಕೊಟ್ಟು ಕೂತ ಆಯಿ. ಮಾರ್ಚ್ ತಿಂಗಳಲ್ಲೂ ಅವಳ ಹೆಗಲ ಮೇಲೊಂದು ಶಾಲು. ಜಡೆ ವರ್ಷದಿಂದ ವರ್ಷಕ್ಕೆ ಸಪೂರವಾಗುತ್ತ ಕೊನೆಗೆ ನನ್ನ ಕಿರುಬೆರಳಿನಷ್ಟಾಗಿತ್ತು. ಕೂತಲ್ಲೇ ತೂಕಡಿಸುತ್ತಿದ್ದಳು. "ನಮ್ಮ ಸೊಸೆಗೆ ಎರಡೇ ಕೆಲಸ, ನಿದ್ದೆ ಮಾಡೂದು, ನಿದ್ದೆಯಿಂದ ಏಳೂದು," ಎಂದು ಅಜ್ಜಿ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು. ಆಯಿಯೂ ನಗುತ್ತಿದ್ದಳು, ಸ್ವಲ್ಪ ತಡವಾಗಿ. ಮಾಮಾ ಡ್ಯೂಟಿಯ ಮಧ್ಯೆ ಬಿಡುವು ಸಿಕ್ಕಾಗ ಖಾಕಿ ಅಂಗಿಯಲ್ಲೇ ಬಂದು, ಮೇಲಿನ ಮೆಟ್ಟಿಲಿನಲ್ಲಿ ಕೂತು, ಕೆಳಗೆ ಕೂತ ಅಕ್ಕನ ನೆತ್ತಿಗೆ ಎಣ್ಣೆ ತಟ್ಟಿ ಹೋಗುತ್ತಿದ್ದರು. ನಾನು ಕಾನ್ವೆಂಟಿನ ಕೊನೆಯ ತರಗತಿಯಲ್ಲಿದ್ದಾಗ ಆಯಿ ಹೋದಳು. ಹೃದಯ ನಿಂತಿತು ಎಂದರು. ಆಮೇಲೂ ಬಾಟಲಿ ಬರುವುದು ನಿಲ್ಲಲಿಲ್ಲ, ಅದು ನನ್ನ ಪಾಲಿಗೆ ಬಂತು.

ಇರಲಿ. ಹೇಳಹೊರಟದ್ದು ನಾಯಿಯ ಕಥೆ.

ನಾಯಿಯ ಹೆಸರು ಬಂಗಡೆ. ಕೇಣಿಯ ದಂಡೆಯಲ್ಲಿ ದೋಣಿಯಿಂದ ಮೀನು ಇಳಿಸುವಾಗ ತನಗಿಂತ ದೊಡ್ಡ ಬಂಗಡೆ ಮೀನೊಂದನ್ನು ಬಾಯಲ್ಲಿ ಕಚ್ಚಿ ಎಳೆಯುತ್ತಿದ್ದ ಮರಿ ಅದು. ಮೀನನ್ನು ಮಾಲೀಕರು ಕಿತ್ತುಕೊಂಡರು, ಮರಿಯನ್ನು ಮಾಮಾ ಎತ್ತಿಕೊಂಡರು. ಕಂದು ಬಣ್ಣ, ದಟ್ಟ ಕೂದಲು, ಪೊರಕೆಯಂಥ ಬಾಲ. ನೆತ್ತಿಯ ನಡುವೆ ಮಾತ್ರ ಒಂದು ಸುಳಿ. ಆ ಸುಳಿ ಕಂಡೇ ಎತ್ತಿಕೊಂಡಿರಬೇಕು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಬಂಗಡೆಯ ಕೂದಲು ಉದುರತೊಡಗಿತು. ಇಡೀ ಕೇರಿಗೆ ಅದು ಕಂಡಿತು, ಮಾಮಾನಿಗೆ ಕಾಣಲಿಲ್ಲ. ಹೇಗೆ ಕಂಡೀತು? ಉದುರಿದ್ದು ಬಾಲದಿಂದ, ಪಕ್ಕೆಯಿಂದ, ತೊಡೆಯ ಹಿಂಭಾಗದಿಂದ. ತಲೆಯ ಕೂದಲು ಒಂದೂ ಹೋಗಿರಲಿಲ್ಲ! ಮಾಮಾ ದಿನಾ ಬೆಳಿಗ್ಗೆ ನಾಯಿಯ ನೆತ್ತಿ ನೋಡಿ, ಸುಳಿಗೆ ಎರಡು ಹನಿ ಎಣ್ಣೆ ಬಿಟ್ಟು, "ಭೇಷ್" ಎನ್ನುತ್ತಿದ್ದರು. ಹಿಂದೆ ಬೋಳು ಬಾಲವೊಂದು ನಿಧಾನವಾಗಿ ಅಲ್ಲಾಡುತ್ತಿತ್ತು.

ಪಕ್ಕದ ಮನೆಯ ತಾರಾಬಾಯಿಯೇ ಮೊದಲು ಬೇಲಿಯಾಚೆಯಿಂದ ಬಾಯಿ ಹಾಕಿದವರು. ಅವರು ಅಂಕೋಲೆಯ ಪೇಟೆಯಲ್ಲಿ ಮೀನು ಮಾರುವವರು. ಗುಟ್ಟು ಹೇಳಿದರೂ ಎರಡು ಮನೆ ಆಚೆಗೆ ಕೇಳಿಸುತ್ತದೆ.

"ಏ ಕಂಡಕ್ಟರ್ರೆ, ನಿಮ್ಮ ನಾಯಿಗೆ ಎಂತ ಬಂತು?"

"ಎಂತದೂ ಇಲ್ಲ."

"ಎಂತದೂ ಇಲ್ಲವ? ಬಾಲ ನೋಡಿ, ಹೆಗ್ಗಣದ ಬಾಲ ಆಗ್ಯದೆ!"

"ಬಾಲ ಎಂತಕ್ಕೆ ನೋಡ್ತ್ರಿ? ನೆತ್ತಿ ನೋಡಿ! ನನ್ನ ಎಣ್ಣೆ ಬಾಲಕ್ಕೆ ಮಾಡಿದ್ದಲ್ಲ."

"ಹಂಗಾರೆ ನಿಮ್ಮ ಎಣ್ಣೆ ಹಚ್ಚಿಕೊಂಡವ್ರು ಬಾಲ ಮುಚ್ಚಿಕೊಂಡು ಇರಬೇಕಾ?"

ಕೇರಿ ನಕ್ಕಿತು. ಮಾಮಾ ಆ ದಿನ ಬಂಗಡೆಯನ್ನು ಅಂಗಳದ ಬಿಸಿಲಿನಲ್ಲಿ ನಿಲ್ಲಿಸಿ ಮೊದಲ ಸಲ ಪಕ್ಕದಿಂದ ನೋಡಿದರು. ನನಗೆ ಫೋನ್ ಬಂತು. "ತಂಗಿ, ಎರಡೂ ಬದಿ ಒಂದೇ ಅಳತೆಗೆ ಹೋಗ್ಯದೆ. ಯಾರೋ ದರ್ಜಿ ಗುರುತು ಹಾಕಿ ಕತ್ತರಿಸಿದ ಹಾಂಗೆ!"

ಆಮೇಲೆ ಶುರುವಾಯಿತು ಎಣ್ಣೆಯ ಅಭಿಷೇಕ. ಬಾಲಕ್ಕೆ, ಪಕ್ಕೆಗೆ, ತೊಡೆಗೆ, ಹೊತ್ತು ಹೊತ್ತಿಗೆ. ಬಂಗಡೆ ಅದನ್ನು ಹೊತ್ತು ಹೊತ್ತಿಗೆ ನೆಕ್ಕಿತು. ತೆಂಗಿನೆಣ್ಣೆ ಅಲ್ಲವೇ! ಕೆಲವೇ ದಿನಗಳಲ್ಲಿ ಅದರ ಹೊಟ್ಟೆ ದಪ್ಪವಾಗಿದೆ ಎಂದು ಎಲ್ಲರಿಗೂ ಅನಿಸಿತು. ದಪ್ಪವಾದದ್ದು ಎಣ್ಣೆಯಿಂದ ಎಂದು ನಾವೆಲ್ಲ ನಿಶ್ಚಿಂತೆಯಿಂದ ತೀರ್ಮಾನಿಸಿದೆವು. ಸದಾ ಮಲಗಿರುತ್ತದೆ, ಅದು ದಪ್ಪದಿಂದ. ಎಣ್ಣೆ ಕಾಯಿಸುವ ಒಲೆಯ ಬೂದಿಯೊಳಗೇ ಹೋಗಿ ಸುರುಳಿ ಸುತ್ತುತ್ತದೆ, ಅದು ಎಣ್ಣೆಯ ವಾಸನೆಯ ಆಸೆಗೆ. ಹೀಗೆ ಒಂದೊಂದಕ್ಕೂ ನಮ್ಮ ಹತ್ತಿರ ಕಾರಣ ಸಿದ್ಧವಿತ್ತು.

ಕೇರಿಯ ಹತ್ತಿರ ಇದ್ದದ್ದು ಒಂದೇ ಕಾರಣ, ಕಜ್ಜಿ. ಒಬ್ಬರು ಗಂಧಕ ಹಚ್ಚಿ ಎಂದರು. ಒಬ್ಬರು ದಿನಾ ಸಮುದ್ರದಲ್ಲಿ ಮುಳುಗಿಸಿ ಎಂದರು. ಇನ್ನೊಬ್ಬರು ದೋಣಿಯ ಎಂಜಿನ್ನಿನ ಸುಟ್ಟ ಆಯಿಲ್ ಡಬ್ಬವನ್ನೇ ತಂದು ಅಂಗಳದಲ್ಲಿಟ್ಟರು. ಮಾಮಾ ಆ ಡಬ್ಬವನ್ನು ಕೈಯಾರೆ ಹೊತ್ತು ಅವರ ಮನೆಯ ಬಾಗಿಲಿಗೆ ವಾಪಸು ಮುಟ್ಟಿಸಿದರು. "ನಾನು ಎಂಜಿನ್ ಹಿಂದೆ ತಿರುಗಿದ ಮನುಷ್ಯ. ಯಾವುದಕ್ಕೆ ಯಾವ ಎಣ್ಣೆ ಹೇಳಿ ನನಗೆ ಗೊತ್ತದೆ."

ಆದರೆ ತಾರಾಬಾಯಿಯ ಮೊಮ್ಮಗಳ ಕೈಮೇಲೆ ಕೆಂಪು ಗುಳ್ಳೆ ಎದ್ದ ದಿನ ತಮಾಷೆ ನಿಂತಿತು. ಆ ಮಗು ಬಂಗಡೆಯ ಬೆನ್ನಿಗೆ ಒರಗಿ ಕೂರುವ ಮಗು. ಕೇರಿಯವರು ಬಂದು ಜಗಲಿಯ ಕೆಳಗೆ ನಿಂತರು. ಬೈಗುಳವಿಲ್ಲ, ಕೂಗಾಟವಿಲ್ಲ. ಅದೇ ಹೆಚ್ಚು ಹೆದರಿಸುವ ವಿಷಯ. "ಮಕ್ಕಳು ಮರಿ ಇರೂ ಜಾಗ, ಕಂಡಕ್ಟರ್ರೆ. ಅಮಾಸೆಯೊಳಗೆ ಇದನ್ನ ಬೇಲೆಕೇರಿ ಆಚೆಗೆ ಬಿಟ್ಟು ಬನ್ನಿ," ಎಂದರು ತಾರಾಬಾಯಿ. ಅವರ ದನಿ ಆ ದಿನ ಬೇಲಿ ದಾಟಲಿಲ್ಲವಂತೆ. ಮಾಮಾ ಎಲ್ಲರ ನೆತ್ತಿಗಳನ್ನೂ ಒಂದೊಂದಾಗಿ ನೋಡಿದರಂತೆ. ಅಲ್ಲಿದ್ದ ಪ್ರತಿಯೊಂದು ನೆತ್ತಿಯೂ ಅವರ ಎಣ್ಣೆ ಕುಡಿದದ್ದೇ. ಮರುದಿನ ಜಗಲಿಯ ತುದಿಯಲ್ಲಿ ಅರ್ಧ ತುಂಬಿದ ಟಾನಿಕ್ ಬಾಟಲಿಗಳು ಸಾಲಾಗಿ ಬಂದು ಕೂತವು, ಹೇಳದೆ ಕೇಳದೆ.

ಮಧ್ಯಾಹ್ನ ನನಗೆ ಫೋನ್. "ತಂಗಿ, ನಿಮ್ಮ ಕಾರವಾರದಲ್ಲಿ ನಾಯಿ ಡಾಕ್ಟ್ರು ಇದ್ದಾರಂತಲ್ಲ?"

"ಇದ್ದಾರೆ ಮಾಮಾ. ಅಂಕೋಲೆಯಲ್ಲೂ ಇದ್ದಾರಲ್ಲ?"

"ಅಂಕೋಲೆ ಬೇಡ. ಅಲ್ಲಿ ಎಲ್ಲ ನನ್ನ ಎಣ್ಣೆಯವರೇ."

ಬಂಗಡೆಯನ್ನು ಕರೆದುಕೊಂಡು ಮಾಮಾ ಬಸ್‌ಸ್ಟ್ಯಾಂಡಿಗೆ ಹೋದರು. ಅಲ್ಲಿದ್ದ ಕಂಡಕ್ಟರ್ ಅವರ ಕೈಕೆಳಗೆ ಕೆಲಸ ಕಲಿತವನು. ನಾಯಿಯನ್ನು ನೋಡಿದ, ಮಾಮಾನನ್ನು ನೋಡಿದ, ಬಾಗಿಲಿಗೆ ಅಡ್ಡ ನಿಂತ. "ಆಗೂದಿಲ್ಲ ಸರ್. ಕೋಳಿ ಹಿಡ್ಕೊಂಡ ಅಜ್ಜಿಯನ್ನೂ ಇಳಿಸು ಹೇಳಿ ನೀವೇ ಕಲಿಸಿದ್ದು." ಮಾಮಾ ಅವನ ಬೆನ್ನು ತಟ್ಟಿ, "ಸರಿ ಮಾಡ್ದೆ," ಎಂದು ಹೇಳಿ, ಕಾರವಾರಕ್ಕೆ ಹೊರಟಿದ್ದ ಮೀನಿನ ಟೆಂಪೋ ಹತ್ತಿದರು! ಕೋಡಿಬಾಗದಲ್ಲಿ ನಾನು ಕಾಯುತ್ತಿದ್ದೆ. ಟೆಂಪೋದಿಂದ ಇಳಿದ ಬಂಗಡೆಯ ಮೈಮೇಲೆ ಮಾಮಾನ ಹಳೆಯ ಖಾಕಿ ಅಂಗಿ ಇತ್ತು, ಗುಂಡಿ ಹಾಕಿ, ತೋಳು ಮಡಚಿ. ನಾಯಿ ನಡುಗುತ್ತಿತ್ತು. ಮಂಜುಗಡ್ಡೆಯ ಪೆಟ್ಟಿಗೆಗಳ ಪಕ್ಕ ಕೂತು ಬಂದದ್ದಲ್ಲವೇ ಎಂದೆ. "ಅಲ್ಲ, ಬಿಸಿಲಲ್ಲೂ ಹೀಂಗೇ ನಡುಗ್ತದೆ," ಎಂದರು ಮಾಮಾ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮಾಮಾ ಒಳಗೆ ಹೋದೊಡನೆ ಅವರ ನೆತ್ತಿಯನ್ನು ಪರೀಕ್ಷಿಸಿ, "ನೀವು ನಿದ್ದೆ ಸರಿ ಮಾಡೂದಿಲ್ಲ," ಎಂದರು. ಡಾಕ್ಟರಮ್ಮ ನಕ್ಕು ನಾಯಿಯನ್ನು ಮೇಜಿನ ಮೇಲೆ ಹತ್ತಿಸಿಕೊಂಡರು. ಖಾಕಿ ಅಂಗಿಯ ಗುಂಡಿ ಬಿಚ್ಚಿದಾಗ ಮಾತ್ರ ನಗಲಿಲ್ಲ.

"ಕೆರೆದುಕೊಳ್ಳುತ್ತದಾ?"

"ಇಲ್ಲ. ಒಮ್ಮೆಯೂ ಇಲ್ಲ."

"ಕೂದಲು ಹೋಗುವ ಮೊದಲು ಅಲ್ಲಿ ಕೆಂಪಾಗಿತ್ತಾ? ಹುಣ್ಣು, ನೀರು ಒಸರುವುದು?"

"ಎಂತದೂ ಇಲ್ಲ. ಅದ್ಕೇ ಅಲ್ವ ನನಗೆ ಗೊತ್ತಾಗ್ದೇ ಇದ್ದದ್ದು!"

ಅವರು ಬೋಳು ಜಾಗದ ಚರ್ಮವನ್ನು ಬೆರಳಿನಲ್ಲಿ ಎತ್ತಿ ನೋಡಿದರು. ಕಪ್ಪಾಗಿ, ದಪ್ಪವಾಗಿ, ಮುಟ್ಟಿದರೆ ತಣ್ಣಗಿತ್ತು. ಅಂಚಿನಿಂದ ಸ್ವಲ್ಪ ಕೆರೆದು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. "ಹುಳ ಇಲ್ಲ. ಇದು ಕಜ್ಜಿ ಅಲ್ಲ. ಹೊರಗಿನಿಂದ ಬಂದ ರೋಗವಾದರೆ ತುರಿಕೆ ಇರುತ್ತದೆ, ಕೆಂಪಾಗುತ್ತದೆ, ಅಲ್ಲೊಂದು ಇಲ್ಲೊಂದು ಕಡೆ ಹೋಗುತ್ತದೆ. ಇದು ನೋಡಿ, ಎರಡೂ ಬದಿ ಒಂದೇ ಸಮ. ತಲೆ, ಕಾಲು ಬಿಟ್ಟು ಮೈಯದಷ್ಟೇ ಹೋಗಿದೆ. ಇದು ಒಳಗಿನಿಂದ ಬಂದದ್ದು."

ಮಾಮಾನ ಮುಖದಲ್ಲಿ ಬೆಳಕು ಹರಿಯಿತು. "ಅಂದ್ರೆ ಬೇರೆಯವ್ರಿಗೆ ಅಂಟೂದಿಲ್ಲ?"

"ಇಲ್ಲವೇ ಇಲ್ಲ." ಡಾಕ್ಟರಮ್ಮ ತಮ್ಮ ಕೆನ್ನೆಯನ್ನೇ ಬಂಗಡೆಯ ಬೋಳು ಪಕ್ಕೆಗೆ ಒಂದು ಕ್ಷಣ ಆನಿಸಿದರು.

ಮಾಮಾ ಮಾಡಿದ್ದೇನು ಗೊತ್ತೇ? ಸರಕ್ಕನೆ ನನ್ನ ಫೋನ್ ಕಸಿದುಕೊಂಡು ತಾರಾಬಾಯಿಗೆ ವಿಡಿಯೋ ಕಾಲ್ ಹಚ್ಚಿದರು! ತೆರೆಯ ಮೇಲೆ ಮೊದಲು ಮೀನುಪೇಟೆಯ ತಗಡಿನ ಮಾಡು ಕಂಡಿತು, ಆಮೇಲೆ ತಾರಾಬಾಯಿಯ ಒಂದು ಕಣ್ಣು.

"ತಾರಾಬಾಯಿ, ನೋಡಿ, ಡಾಕ್ಟ್ರು ಕೆನ್ನೆ ಇಟ್ರು!"

"ಎಲ್ಲಿ? ನನಗೆ ಕಾಣ್ಲಿಲ್ಲ."

"ಡಾಕ್ಟ್ರೆ, ಇನ್ನೊಂದ್ಸಲ ಇಡಿ. ಅವ್ರಿಗೆ ಕಾಣ್ಲಿಲ್ಲಂತೆ."

ಡಾಕ್ಟರಮ್ಮ ಇಟ್ಟರು. ಮಗುವಿನ ಗುಳ್ಳೆಯನ್ನು ಮಕ್ಕಳ ಡಾಕ್ಟರಿಗೆ ತೋರಿಸಿ, ಅದಕ್ಕೂ ಈ ನಾಯಿಗೂ ಸಂಬಂಧವಿಲ್ಲ ಎಂದೂ ಫೋನಿಗೆ ಹೇಳಿದರು. ಆಮೇಲೆ ತಾರಾಬಾಯಿ ತೀರ್ಪು ಕೊಟ್ಟರು: "ಆಯ್ತು. ಹೋಳಿಯ ಸುಗ್ಗಿ ಹಬ್ಬದವರೆಗೆ ನೋಡ್ವ. ಅಷ್ಟರಲ್ಲಿ ಕೂದಲು ಬಂದ್ರೆ ಸರಿ. ಬರ್ಲಿಲ್ಲಂದ್ರೆ ಡಾಕ್ಟ್ರು ಹೇಳಿದ್ದು ಸುಳ್ಳು, ಬೇಲೆಕೇರಿಯೇ ಖರೆ."

ಇಷ್ಟರವರೆಗೆ ಎಲ್ಲ ನಗುವಿನ ವಿಷಯವೇ ಆಗಿತ್ತು. ಡಾಕ್ಟರಮ್ಮ ಮತ್ತೆ ಪ್ರಶ್ನೆಗಳಿಗೆ ತೊಡಗಿದರು. ನೀರು ಹೆಚ್ಚು ಕುಡಿಯುತ್ತದಾ? ಇಲ್ಲ. ಯಾವುದಾದರೂ ಮುಲಾಮು, ಗುಳಿಗೆ ಕೊಟ್ಟಿದ್ದೀರಾ? ಎಣ್ಣೆ ಬಿಟ್ಟರೆ ಇಲ್ಲ.

"ಮಲಗುವುದು ಹೆಚ್ಚಾಗಿದೆಯಾ?"

"ಹೌದು."

"ಬಿಸಿಲು, ಒಲೆ, ಬೆಚ್ಚಗಿನ ಜಾಗ ಹುಡುಕುತ್ತದಾ?"

"ಹೌದು... ಬೂದಿಯಲ್ಲೇ ಇರ್ತದೆ."

"ತಿನ್ನುವುದು ಅಷ್ಟೇ ಆದರೂ ದಪ್ಪವಾಗಿದೆ. ಕರೆದರೆ ಬರುತ್ತದೆ, ಆದರೆ ತಡವಾಗಿ. ಅಲ್ಲವಾ?"

ಬಂಗಡೆಯ ನೆತ್ತಿಯನ್ನು ಸವರುತ್ತಿದ್ದ ಮಾಮಾನ ಹೆಬ್ಬೆರಳು ಸುಳಿಯ ಮೇಲೆ ನಿಂತುಬಿಟ್ಟಿತ್ತು. ಟಿಕೆಟ್ ಹರಿದು ಹರಿದು ಅಂಚು ಚಪ್ಪಟೆಯಾದ ಹೆಬ್ಬೆರಳು ಅದು. ನಾನು ಅದನ್ನೇ ನೋಡುತ್ತಿದ್ದೆ. ಬೇರೆ ಎಲ್ಲಿ ನೋಡಬೇಕೆಂದು ನನಗೂ ತಿಳಿಯಲಿಲ್ಲ.

ಡಾಕ್ಟರಮ್ಮ ನಾಯಿಯ ಗಲ್ಲ ಹಿಡಿದು ನಮ್ಮ ಕಡೆ ತಿರುಗಿಸಿದರು. "ಮುಖ ನೋಡಿ ಒಮ್ಮೆ. ರೆಪ್ಪೆ ಭಾರ, ಕೆನ್ನೆ ಊದಿದ ಹಾಗೆ. ದುಃಖದಲ್ಲಿದೆ ಅನಿಸುತ್ತದೆ ಅಲ್ಲವಾ? ದುಃಖ ಅಲ್ಲ ಅದು. ಥೈರಾಯ್ಡ್ ಗ್ರಂಥಿ ಕೆಲಸ ಕಡಿಮೆ ಮಾಡಿದರೆ ಹೀಗಾಗುತ್ತದೆ. ಎಲ್ಲ ಲಕ್ಷಣ ಅದಕ್ಕೇ ಹೊಂದುತ್ತಿದೆ, ರಕ್ತ ಪರೀಕ್ಷೆ ಮಾಡಿಸಿ ಖಾತ್ರಿ ಮಾಡಿಕೊಳ್ಳೋಣ."

ಮಾಮಾ ಬಂಗಡೆಯ ಮುಖ ನೋಡಿದರು. ತುಂಬ ಹೊತ್ತು ನೋಡಿದರು.

"ಸಮುದ್ರದ ಮೀನು ತಿನ್ನೂ ನಾಯಿ ಇದು," ಎಂದರು ಕೊನೆಗೆ, ದನಿ ತಗ್ಗಿಸಿ. "ಮೀನು ತಿಂದವ್ರಿಗೆ ಥೈರಾಯ್ಡ್ ಬರೂದಿಲ್ಲ ಹೇಳ್ತಾರೆ."

"ಬರುತ್ತದೆ. ಇದು ಊಟದ ಕೊರತೆ ಅಲ್ಲ, ಗ್ರಂಥಿಯೇ ಸವೆದುಹೋಗುವುದು. ಇದಾಗಿದ್ದರೆ ದಿನಾ ಗುಳಿಗೆ ಕೊಡಬೇಕು, ಜೀವನಪೂರ್ತಿ. ಅಷ್ಟೇ. ಎಣ್ಣೆಯಿಂದ ಏನೂ ಆಗುವುದಿಲ್ಲ."

"ಈ ಗುಳಿಗೆ..." ಮಾಮಾ ತಡೆದರು. "ಮನುಷ್ಯರಿಗೂ ಅದೆಯಾ?"

"ಮನುಷ್ಯರದ್ದೇ ಸರ್, ಅದೇ ಔಷಧ. ಹೆಂಗಸರಲ್ಲಿ ತುಂಬ ಜನರಿಗೆ ಇರುತ್ತದೆ."

"ಮೊದಲಿಂದನೂ ಇತ್ತಾ? ಹೊಸದಾಗಿ ಬಂದದ್ದಾ?"

"ಬಹಳ ಹಳೆಯ ಔಷಧ."

ಮಾಮಾ ಬಂಗಡೆಗೆ ಖಾಕಿ ಅಂಗಿ ತೊಡಿಸಿದರು. ಗುಂಡಿ ಹಾಕುವಾಗ ಒಂದು ಗುಂಡಿ ತಪ್ಪಿ ಅಂಗಿ ಸೊಟ್ಟಗಾಯಿತು. ಅದನ್ನು ಸರಿಪಡಿಸುವ ಗೋಜಿಗೆ ಅವರೂ ಹೋಗಲಿಲ್ಲ, ನಾನೂ ಹೋಗಲಿಲ್ಲ. ಹೊರಗೆ ಬಂದು ಟೆಂಪೋ ಕಾಯುತ್ತ ನಿಂತೆವು. ನಮ್ಮಿಬ್ಬರ ಕಣ್ಣ ಮುಂದೆಯೂ ಆ ಮೆಟ್ಟಿಲು, ಆ ಶಾಲು ಇದ್ದವೆಂದು ನನಗೆ ಗೊತ್ತಿತ್ತು. ಆಯಿಗೂ ಅದೇ ಆಗಿತ್ತೇ? ಅಲ್ಲದಿರಲೂಬಹುದು. ಈಗ ಯಾರು ಹೇಳಬಲ್ಲರು?

ರಕ್ತ ಪರೀಕ್ಷೆಯ ಉತ್ತರ ಬಂತು. ಥೈರಾಯ್ಡೇ. ಬೆಳಿಗ್ಗೆ ಒಂದು, ಸಂಜೆ ಒಂದು ಗುಳಿಗೆ, ಬಾಳೆಹಣ್ಣಿನ ಚೂರಿನೊಳಗೆ. ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದರು, ಹೊಸ ಕೂದಲು ಬರುವ ಮುಂಚೆ ಹಳೆಯದು ಇನ್ನಷ್ಟು ಉದುರಬಹುದು, ಹೆದರಬೇಡಿ ಎಂದು. ಉದುರಿತು! ಇದ್ದಬದ್ದ ಕೂದಲೂ ಕೈಗೆ ಬಂತು. ಕೇರಿಯವರು ತಲೆಯಲ್ಲಾಡಿಸಿದರು. ತಾರಾಬಾಯಿ ಬೇಲಿಯ ಹತ್ತಿರ ಬಂದು, "ಕಂಡಕ್ಟರ್ರೆ, ಹಬ್ಬ ಹತ್ರ ಬಂತು. ನಿಮ್ಮ ನಾಯಿ ಈಗ ಸುಲಿದ ಸಿಗಡಿ ಹಾಂಗೆ ಕಾಣ್ತದೆ," ಎಂದರು. ಹಿಂದಿನ ಮಾಮಾ ಆಗಿದ್ದರೆ ನೆತ್ತಿ ತೋರಿಸುತ್ತಿದ್ದರು. ಈ ಸಲ, "ಉದುರಬೇಕು, ಉದುರ್ತದೆ," ಎಂದಷ್ಟೇ ಹೇಳಿ ಒಳಗೆ ಹೋದರಂತೆ. ಒಲೆಯ ಮೇಲಿನ ಎಣ್ಣೆಯ ಬಾಣಲೆ ಆಗಲೇ ತೊಳೆದು ಬೋರಲು ಹಾಕಿಯಾಗಿತ್ತು. ಈ ಸುದ್ದಿಯನ್ನೂ ನನಗೆ ಮುಟ್ಟಿಸಿದವರು ತಾರಾಬಾಯಿಯೇ, ಆ ವಿಡಿಯೋ ಕಾಲಿನ ನಂತರ ನನ್ನ ನಂಬರ್ ಅವರ ಬಳಿ ಉಳಿದಿತ್ತಲ್ಲ! "ಬಾಯಿ, ಅವ್ರು ಎಣ್ಣೆ ಮಾಡೂದೇ ಬಿಟ್ರು. ಕೇರಿ ತುಂಬ ಎಂತದೋ ವಾಸನೆ ಕಮ್ಮಿ ಆದಾಂಗೆ ಆಗ್ತದೆ," ಎಂದರು. ಅವರ ಸ್ವರದಲ್ಲಿ ಸಂತೋಷವಿರಲಿಲ್ಲ.

ಮೊದಲು ಬಂದದ್ದು ಕೂದಲಲ್ಲ, ಕಳ್ಳತನ! ಹಬ್ಬಕ್ಕೆ ಕೆಲವು ದಿನಗಳಿರುವಾಗ, ಬೆಳಿಗ್ಗೆ ಪೇಟೆಗೆ ಹೊರಟ ತಾರಾಬಾಯಿ ಚಪ್ಪಲಿ ಮೆಟ್ಟಲು ಬುಟ್ಟಿ ಕೆಳಗಿಟ್ಟದ್ದೇ ತಡ, ಬೂದಿಯೊಳಗಿಂದ ಎದ್ದ ಬಂಗಡೆ ಬೇಲಿ ನುಸುಳಿ, ಒಂದು ಮೀನು ಕಚ್ಚಿ, ದಂಡೆಯ ಕಡೆ ಓಡಿತು. ಓಡಿತು! ತಿಂಗಳುಗಟ್ಟಲೆ ಎದ್ದು ನಿಲ್ಲಲು ಯೋಚಿಸುತ್ತಿದ್ದ ನಾಯಿ!

"ಕಂಡಕ್ಟರ್ರೆ! ನಿಮ್ಮ ನಾಯಿ ನನ್ನ ಬಂಗಡೆ ಹೊತ್ಕೊಂಡು ಓಡ್ತು!"

"ಎಷ್ಟು ಜೋರು ಓಡ್ತು?"

"ಎಂತ?"

"ಜೋರು ಓಡ್ತಾ, ನಿಧಾನನಾ? ಸರಿ ನೋಡಿ ಹೇಳಿ!"

ತಾರಾಬಾಯಿ ಬೈಯಲು ತೆರೆದ ಬಾಯಿಯನ್ನು ಹಾಗೆಯೇ ಹಿಡಿದು, ದಂಡೆಯ ಕಡೆ ತಿರುಗಿ ನೋಡಿ, ಕೊನೆಗೆ ಪೇಟೆಯಲ್ಲಿ ಹರಾಜು ಕೂಗುವಷ್ಟು ಗಟ್ಟಿಯಾಗಿ ಕೂಗಿದರಂತೆ: "ಮರಿ ಇದ್ದಾಗ ಓಡ್ದಾಂಗೆ ಓಡ್ತು ಮಾರಾಯ್ರೆ!"

ಹಬ್ಬದ ಹೊತ್ತಿಗೆ ಬಾಲದ ಮೇಲೆ ಕಂದು ನವಿರು ಮೂಡಿತ್ತು, ಹಲ್ಲುಜ್ಜುವ ಬ್ರಷ್ಷಿನಷ್ಟು. ಬೇಲೆಕೇರಿಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ತಾರಾಬಾಯಿಯ ಮೊಮ್ಮಗಳು ಮತ್ತೆ ಆ ಬೆನ್ನಿಗೆ ಒರಗಿ ಕೂರುತ್ತಾಳೆ. ಅವಳ ಗುಳ್ಳೆಗೆ ಕಾರಣ ಹೊಸ ನೈಲಾನ್ ಫ್ರಾಕಿನ ತೋಳಾಗಿತ್ತು.

ಹಬ್ಬ ಮುಗಿದ ಮೇಲೆ ಒಂದು ಬೆಳಿಗ್ಗೆ, ನಾನು ಇನ್ನೂ ಚಹಾಕ್ಕೆ ನೀರಿಡುವ ಮುಂಚೆ, ಮಾಮಾ ನಮ್ಮ ಬಾಗಿಲಿನಲ್ಲಿ ನಿಂತಿದ್ದರು. ಮೊದಲ ಬಸ್ಸಿಗೇ ಬಂದಿರಬೇಕು. ಕೈಯಲ್ಲಿ ಬಾಟಲಿ ಇರಲಿಲ್ಲ. ಬರಿಗೈಯ ಮಾಮಾನನ್ನು ನಾನು ಅಂದೇ ಮೊದಲು ಕಂಡದ್ದು. ನಾನು ಅಭ್ಯಾಸದಂತೆ ತಲೆಯನ್ನು ತುಸು ಬಗ್ಗಿಸಿದೆ, ನೋಡಲಿ ಎಂದು.

ಅವರು ಅತ್ತ ನೋಡಲಿಲ್ಲ. ಬಗ್ಗಿ, ನನ್ನ ಗಲ್ಲಕ್ಕೆ ಎರಡು ಬೆರಳು ಕೊಟ್ಟು, ಮುಖವನ್ನು ಬೆಳಕಿಗೆ ಎತ್ತಿದರು, ಡಾಕ್ಟರಮ್ಮ ಬಂಗಡೆಗೆ ಮಾಡಿದಂತೆಯೇ. ನನ್ನ ಕಣ್ಣು ನೋಡಿದರು, ರೆಪ್ಪೆ ನೋಡಿದರು, ಕೆನ್ನೆ ನೋಡಿದರು. ಆಮೇಲೆ ನನ್ನ ಹೆಗಲ ಮೇಲಿದ್ದ ಶಾಲನ್ನು ನೋಡಿದರು. ಮಾರ್ಚ್ ತಿಂಗಳಾಗಿತ್ತು. ಫ್ಯಾನ್ ತಿರುಗುತ್ತಿತ್ತು, ಮನೆಯವರು ಬೆವರುತ್ತ ಪೇಪರ್ ಓದುತ್ತಿದ್ದರು.

"ನಿನ್ನ ಬೈತಲೆ ಅಗಲ ಆಗ್ತಾ ಬಂತು ಹೇಳಿ ನನಗೆ ಯಾವಾಗ್ಲೋ ಗೊತ್ತಿತ್ತು ತಂಗಿ," ಎಂದರು. "ಎಣ್ಣೆ ಕೊಟ್ಕೊಂತ ಬಂದೆ. ಅಕ್ಕನಿಗೂ ಎಣ್ಣೆಯೇ ಕೊಟ್ಟೆ."

ನಾನು ಶಾಲನ್ನು ತೆಗೆದು ಕುರ್ಚಿಯ ಮೇಲಿಟ್ಟೆ.

"ಚಾ ಕುಡೀಲಿಲ್ಲ ಅಲ್ದಾ? ಒಳ್ಳೇದಾಯ್ತು. ನಡಿ, ರಕ್ತ ಕೊಟ್ಟು ಬರ್ವ."

ಪ್ರಯೋಗಾಲಯದ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಮಾಮಾ ಬಸ್ಸಿನಲ್ಲಿ ನಿಲ್ಲುವಂತೆಯೇ ಪಕ್ಕದಲ್ಲಿ ಒರಗಿ ನಿಂತರು. ಸೂಜಿ ಹಿಡಿದ ಹುಡುಗಿಗೆ, "ನಮ್ಮ ಅಕ್ಕನ ಮಗಳು. ನಿಧಾನ," ಎಂದರು. ಸೂಜಿ ಒಳಗೆ ಹೋಗುವಾಗ ಅವರ ಅಂಗೈ ನನ್ನ ನೆತ್ತಿಯ ಮೇಲೆ ಬಂತು. ಚಿಕ್ಕಂದಿನಿಂದ ಬಲ್ಲ ಅಂಗೈ. ಆ ದಿನ ಅದು ಒಣಗಿತ್ತು.

ಈಗ ದಿನಾ ಬೆಳಿಗ್ಗೆ ನಮ್ಮ ಮನೆಯಲ್ಲಿ ಕುಕ್ಕರ್ ಕೂಗುವ ಮೊದಲು ಫೋನ್ ಕೂಗುತ್ತದೆ. ನಮಸ್ಕಾರವಿಲ್ಲ, ಆರಾಮವೇ ಎಂದು ಕೇಳುವುದಿಲ್ಲ.

"ಬಂಗಡೆ ಗುಳಿಗೆ ತಿಂದಾಯ್ತು. ನೀನು?"

"ನಾನೂ ತಿಂದೆ ಮಾಮಾ."

ಅಷ್ಟೇ ಮಾತು. ಆದರೆ ಅವರು ಕೂಡಲೇ ಫೋನ್ ಇಡುವುದಿಲ್ಲ. ಆ ಕಡೆಯಿಂದ ಕೇಣಿಯ ಕಡಲು ಕೇಳಿಸುತ್ತದೆ, ಬೇಲಿಯಾಚೆ ತಾರಾಬಾಯಿ ಯಾರನ್ನೋ ಬೈಯುವುದು ಕೇಳಿಸುತ್ತದೆ. ನಾನೂ ಇಡುವುದಿಲ್ಲ. ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡಿರುತ್ತೇನೆ.